ಧಾರಣೆ ಕೇಳುವ ದಾರಿ, ಧಾರಣೆ ಉಳಿಸಿಕೊಳ್ಳುವ ದಾರಿ

ರೈತರು ಹಾಗೂ ಕೃಷಿ ಉತ್ಪನ್ನ ವರ್ತಕರು ಸಂವಹನ ಮಾರ್ಗಗಳನ್ನು ಆರಿಸಿಕೊಳ್ಳುವ ಬಗೆ: ಒಂದು ಅಧ್ಯಯನ ಪಾಠ

(ಗ್ರಾಮ ಪಂಚಾಯಿತಿ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಗ್ರಂಥಾಲಯ ಮೇಲ್ವಿಚಾರಕರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ರೈತ ಬಾಂಧವರ ಓದಿಗಾಗಿ)

ಪಾಠದ ಉದ್ದೇಶ

ಹೊಲದಿಂದ ಹೊರಟ ಲಾರಿಯು ಯಶವಂತಪುರದ ಮಾರುಕಟ್ಟೆ ಪ್ರಾಂಗಣವನ್ನು ಸೇರಿದ ಮೇಲೆ ರೈತನ ಕೈಯಲ್ಲಿ ಉಳಿಯುವ ಆಯ್ಕೆಗಳು ಬಹಳ ಕಡಿಮೆ. ಬಾಡಿಗೆ ಆಗಿಹೋಗಿರುತ್ತದೆ, ಇಳಿಸಿದ ಚೀಲಗಳನ್ನು ಮತ್ತೆ ಏರಿಸಿ ಊರಿಗೆ ಒಯ್ಯುವುದು ಇನ್ನೊಂದು ಖರ್ಚು, ತರಕಾರಿಯಾಗಿದ್ದರೆ ಸಂಜೆಯ ವೇಳೆಗೆ ಬಾಡುತ್ತದೆ. ಆದುದರಿಂದ ಬೆಳೆಯ ಬೆಲೆಯು ಬಹುಮಟ್ಟಿಗೆ ನಿಶ್ಚಯವಾಗುವುದು ಹರಾಜು ಕಟ್ಟೆಯಲ್ಲಿ ಅಲ್ಲ, ಅದಕ್ಕೂ ಮುನ್ನಾದಿನ ರೈತನು ಯಾರನ್ನು ಕೇಳಿದ, ಯಾವ ಮೂಲಕ ಕೇಳಿದ, ಕೇಳಿದ್ದನ್ನು ಹೇಗೆ ಖಚಿತಪಡಿಸಿಕೊಂಡ ಎಂಬುದರಲ್ಲಿ.

ದೂರವಾಣಿ ಕರೆ, ವಾಟ್ಸ್‌ಆ್ಯಪ್ ಗುಂಪು, ಆಕಾಶವಾಣಿ, ಸೂಚನಾ ಫಲಕ, ಡೇರಿ ಮುಂದಿನ ಮಾತುಕತೆ, ಸರ್ಕಾರಿ ಜಾಲತಾಣ, ಹೀಗೆ ಇಂದು ನಮ್ಮ ಮುಂದೆ ಮಾರ್ಗಗಳು ಅನೇಕ. ಇವುಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಕೆಲಸಕ್ಕೆ ಯಾವುದು ತಕ್ಕದ್ದು ಎಂಬ ಪ್ರಶ್ನೆಗೆ ಮಾತ್ರ ಸ್ಪಷ್ಟವಾದ ಉತ್ತರವಿದೆ. ಅದನ್ನು ಕಂಡುಕೊಳ್ಳುವುದೇ ಈ ಪಾಠದ ಉದ್ದೇಶ.

1. ಮಾರ್ಗವೆಂದರೆ ಯಾರ ಕಿವಿಗೆ ಬೀಳುತ್ತದೆ ಎಂಬುದು

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನಮ್ಮ ಭಾಗದ ಹಿರಿಯರೆಲ್ಲರೂ ಬಲ್ಲರು. ಇಂತಹ ಜಾತ್ರೆಗಳಲ್ಲಿ ಎತ್ತಿನ ಜೋಡಿಯ ವ್ಯಾಪಾರವು ಟವೆಲ್ಲಿನ ಕೆಳಗೆ ನಡೆಯುವುದುಂಟು. ಕೊಳ್ಳುವವನೂ ಮಾರುವವನ ಪರವಾಗಿ ನಿಂತ ದಲ್ಲಾಳಿಯೂ ವಸ್ತ್ರದ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆಯನ್ನು ತಿಳಿಸಿಕೊಳ್ಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ಇದೂ ಒಂದು ಸಂವಹನ ಮಾರ್ಗವೇ. ಇದರ ಗುಣವೆಂದರೆ ಗೌಪ್ಯತೆ. ಇದರ ದೋಷವೂ ಅದೇ: ಪಕ್ಕದ ಜೋಡಿ ಎಷ್ಟಕ್ಕೆ ಹೋಯಿತು ಎಂಬುದು ಮಾರುವವನಿಗೆ ತಿಳಿಯುವುದಿಲ್ಲ.

ಇದಕ್ಕೆ ತೀರ ವಿರುದ್ಧವಾದ ಮಾರ್ಗವನ್ನು ಹೆಬ್ಬಾಳದಲ್ಲಿ ಕಾಣಬಹುದು. ಅಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರವು ನೆದರ್ಲೆಂಡ್ಸ್ ದೇಶದ ಹೂವಿನ ಮಾರುಕಟ್ಟೆಗಳ ಪದ್ಧತಿಯನ್ನು ಅಳವಡಿಸಿಕೊಂಡಿತು. ಈ ಪದ್ಧತಿಯಲ್ಲಿ ಬೆಲೆಯು ಮೇಲಿನಿಂದ ಕೆಳಗೆ ಇಳಿಯುತ್ತಾ ಬರುತ್ತದೆ. ಯಾರು ಮೊದಲು ಗುಂಡಿ ಒತ್ತುತ್ತಾರೋ ಅವರಿಗೆ ಹೂವು. ಬೆಲೆ ಎಲ್ಲರ ಕಣ್ಣ ಮುಂದೆಯೇ ಇರುತ್ತದೆ. ಒಂದು ಸಂಜೆಯಲ್ಲಿ ಬಾಡಿಹೋಗುವ ಗುಲಾಬಿಗೆ ಇಂತಹ ವೇಗವೂ ಬೇಕು, ಇಂತಹ ಬಹಿರಂಗವೂ ಬೇಕು.

ಈ ಎರಡು ಉದಾಹರಣೆಗಳಿಂದ ಮೊದಲನೆಯ ತತ್ತ್ವ ಹೊರಡುತ್ತದೆ. ಸಂವಹನ ಮಾರ್ಗವು ಕೇವಲ ಮಾತನ್ನು ಹೊತ್ತೊಯ್ಯುವ ಸಾಧನವಲ್ಲ. ಆ ಮಾತು ಯಾರಿಗೆ ಕೇಳಬೇಕು, ಯಾರಿಗೆ ಕೇಳಬಾರದು ಎಂಬುದನ್ನೂ ಅದು ತೀರ್ಮಾನಿಸುತ್ತದೆ. ಮಾರ್ಗವನ್ನು ಆರಿಸಿದವನೇ ವ್ಯವಹಾರದ ಅರ್ಧ ಷರತ್ತನ್ನು ಆರಿಸಿದಂತೆ.

2. ನಮ್ಮ ಭಾಗದಲ್ಲಿ ಮಾರ್ಗಗಳು ಬೆಳೆದು ಬಂದ ಬಗೆ

ಬೆಂಗಳೂರಿನ ಉತ್ತರ ಭಾಗವು ಕೃಷಿ ಮಾಹಿತಿಯ ದೃಷ್ಟಿಯಿಂದ ರಾಜ್ಯದಲ್ಲಿಯೇ ಹಳೆಯ ಕ್ಷೇತ್ರ. ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಕ್ಷೇತ್ರವು ಆರಂಭವಾದುದು 1899ರಲ್ಲಿ. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ಅದು ನಡೆಸುವ ಕೃಷಿ ಮೇಳಕ್ಕೆ ದೂರದ ಜಿಲ್ಲೆಗಳಿಂದಲೂ ರೈತರು ಬರುತ್ತಾರೆ. 1967ರಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಸ್ಥಾಪನೆಗೊಂಡು ಹೆಸರಘಟ್ಟದಲ್ಲಿ ನೆಲೆಸಿತು. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಮಾಹಿತಿ ಸಂಗ್ರಹಿಸಿ, 'ವರುಣ ಮಿತ್ರ' ಸಹಾಯವಾಣಿಯ ಮೂಲಕ ರೈತರಿಗೆ ಹವಾಮಾನದ ವಿವರ ನೀಡುತ್ತ ಬಂದಿದೆ.

ಮಾರುಕಟ್ಟೆಯ ಸುದ್ದಿಯದು ಬೇರೆಯೇ ದಾರಿ. ಒಂದು ಕಾಲದಲ್ಲಿ ಮಂಡಿಯಿಂದ ಬರುತ್ತಿದ್ದ ಅಂಚೆ ಕಾರ್ಡೇ ರೈತನಿಗೆ ಧಾರಣೆಯ ಪತ್ರ. ಅದು ಕೈ ಸೇರುವ ವೇಳೆಗೆ ಧಾರಣೆ ಬದಲಾಗಿರುತ್ತಿತ್ತು. ಅದೇ ಕಾಲದಲ್ಲಿ ದೊಡ್ಡ ವರ್ತಕರಿಗೆ ತಂತಿ ಹಾಗೂ ಟ್ರಂಕ್ ಕಾಲ್‌ಗಳ ಅನುಕೂಲವಿತ್ತು. ಅಂದರೆ ವರ್ತಕನಿಗೆ ಇಂದಿನ ಸುದ್ದಿ, ರೈತನಿಗೆ ಮೊನ್ನೆಯ ಸುದ್ದಿ. ಈ ಅಂತರವನ್ನು ಮೊದಲು ಕಿರಿದುಗೊಳಿಸಿದುದು ಆಕಾಶವಾಣಿ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರವೇ 'ಆಕಾಶವಾಣಿ' ಎಂಬ ಹೆಸರಿನ ಮೂಲ. ಬೆಂಗಳೂರು ಕೇಂದ್ರವು 1955ರಲ್ಲಿ ಆರಂಭವಾಯಿತು. ರೇಡಿಯೋದಲ್ಲಿ ಬರುತ್ತಿದ್ದ ಪೇಟೆ ಧಾರಣೆಯ ವಿಶೇಷವೆಂದರೆ ಅದನ್ನು ರೈತನೂ ವರ್ತಕನೂ ಒಂದೇ ಕ್ಷಣದಲ್ಲಿ ಕೇಳುತ್ತಿದ್ದರು.

ಅನಂತರ ಬಂದವು ಒಂದರ ಹಿಂದೊಂದು. 2000ದಲ್ಲಿ ಮಾರುಕಟ್ಟೆ ದರಗಳ ರಾಷ್ಟ್ರೀಯ ಜಾಲವಾದ ಆಗ್‌ಮಾರ್ಕ್‌ನೆಟ್. 2004ರಲ್ಲಿ ಕಿಸಾನ್ ಕಾಲ್ ಸೆಂಟರ್. ರಾಜ್ಯದ ಮಾರುಕಟ್ಟೆಗಳ ಆವಕ ಹಾಗೂ ಧಾರಣೆಗಳನ್ನು ಪ್ರಕಟಿಸುವ 'ಕೃಷಿ ಮಾರಾಟ ವಾಹಿನಿ'. 2014ರಲ್ಲಿ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆ. 2016ರ ಏಪ್ರಿಲ್ 14ರಂದು ರಾಷ್ಟ್ರೀಯ ಇ-ನಾಮ್. ಇವುಗಳ ಜೊತೆಜೊತೆಗೆ ಮೊಬೈಲು, ಅದರ ಹಿಂದೆಯೇ ವಾಟ್ಸ್‌ಆ್ಯಪ್.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಂತಿ ಸೇವೆಯು 2013ರಲ್ಲಿ ನಿಂತುಹೋದದ್ದನ್ನು ಬಿಟ್ಟರೆ, ಹೊಸ ಮಾರ್ಗ ಬಂದಾಗ ಹಳೆಯದು ಸಾಮಾನ್ಯವಾಗಿ ಅಳಿಯಲಿಲ್ಲ. ಅದರ ಕೆಲಸ ಬದಲಾಯಿತು. ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಬೆಳಿಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ನಿಲ್ಲುವವರ ಸಾಲು ಇಂದಿಗೂ ಹಳ್ಳಿಯ ಅತ್ಯಂತ ವಿಶ್ವಾಸಾರ್ಹ ಸುದ್ದಿಕಟ್ಟೆ. ಮೊಬೈಲಿನಲ್ಲಿ ಬಂದ ಸುದ್ದಿ ನಿಜವೋ ಸುಳ್ಳೋ ಎಂಬ ವಿಚಾರಣೆ ಅಲ್ಲಿಯೇ ನಡೆಯುತ್ತದೆ.

3. ಕೇಳುವುದು ಒಬ್ಬರಿಂದ, ನಂಬುವುದು ಇನ್ನೊಬ್ಬರಿಂದ

ಈ ಸಂಗತಿಯು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಐಯೋವಾ ರಾಜ್ಯದಲ್ಲಿ ಸಂಕರಣ ಮೆಕ್ಕೆಜೋಳದ ಬೀಜವು ಹರಡಿದ ರೀತಿಯನ್ನು ಕುರಿತು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1943ರಲ್ಲಿ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಸುಮಾರು ಅರ್ಧದಷ್ಟು ರೈತರಿಗೆ ಹೊಸ ಬೀಜದ ಸುದ್ದಿ ಮೊದಲು ಮುಟ್ಟಿದುದು ಬೀಜ ಮಾರುವವರಿಂದ. ಆದರೆ ಅದನ್ನು ಬಿತ್ತಬೇಕೆಂಬ ಮನಸ್ಸು ಬಂದುದು ನೆರೆಹೊರೆಯ ರೈತರ ಮಾತಿನಿಂದ. ಕೃಷಿ ವಿಸ್ತರಣಾ ಶಾಸ್ತ್ರದಲ್ಲಿ ಇದು ಇಂದಿಗೂ ಮೂಲಪಾಠ.

ನಮ್ಮಲ್ಲಿಯೂ ಅದೇ ಕ್ರಮ. ಹೊಸ ತಳಿಯ ವಿಷಯವನ್ನು ಮೇಳದಲ್ಲಿ ಕೇಳುತ್ತೇವೆ. ಪಕ್ಕದ ಹೊಲದಲ್ಲಿ ಕಂಡ ಮೇಲೆ ಬಿತ್ತುತ್ತೇವೆ. ಧಾರಣೆಯ ಅಂಕಿಯನ್ನು ಫೋನಿನಲ್ಲಿ ನೋಡುತ್ತೇವೆ. ನಿನ್ನೆ ಅದೇ ಮಂಡಿಗೆ ಮಾಲು ಹಾಕಿ ಬಂದವರನ್ನು ಕೇಳಿದ ಮೇಲೆ ಲಾರಿಗೆ ಹೇಳುತ್ತೇವೆ. ಇದು ಹಿಂದುಳಿದ ಅಭ್ಯಾಸವಲ್ಲ, ಅನುಭವದ ಜಾಣ್ಮೆ. ಜಾಲತಾಣವು ಬೆಲೆಯನ್ನು ಹೇಳಬಲ್ಲದು. ತೂಕ ಹೇಗೆ ಮಾಡಿದರು, ಎಷ್ಟು ಕಡಿತ ಮಾಡಿದರು, ಹಣ ಯಾವಾಗ ಕೈಗೆ ಬಂತು ಎಂಬುದನ್ನು ಹೋಗಿ ಬಂದವನೇ ಹೇಳಬೇಕು.

4. "ಕಳಿಸಪ್ಪ, ನೋಡೋಣ"

ಈಗ ವರ್ತಕರ ಕಡೆಯಿಂದ ನೋಡೋಣ. ಮಂಡಿಯ ವ್ಯವಹಾರವು ಬಹುಪಾಲು ದೂರವಾಣಿ ಕರೆಯ ಮೇಲೆ ನಡೆಯುತ್ತದೆ. ಸಾಮಾನ್ಯವಾಗಿ ಕೇಳಿಬರುವ ಸಂಭಾಷಣೆಯ ಧಾಟಿ ಹೀಗಿರುತ್ತದೆ:

"ಅಣ್ಣಾ, ನಮಸ್ಕಾರ. ಇವತ್ತು ಈರುಳ್ಳಿ ಏನು ನಡೀತು?"

"ಚೆನ್ನಾಗಿರೋದಕ್ಕೆ ಒಳ್ಳೇ ರೇಟೇ ಆಯ್ತಪ್ಪ. ನಿಂದು ಎಷ್ಟು ಚೀಲ ಇದೆ?"

"ಒಂದು ನೂರು ಆಗ್ಬಹುದಣ್ಣ. ಎಷ್ಟು ಸಿಗಬಹುದು?"

"ಮಾಲು ನೋಡದೆ ಹೆಂಗೆ ಹೇಳಲಿ? ಲೋಡ್ ಮಾಡಿ ಕಳಿಸಪ್ಪ, ನೋಡೋಣ."

ಈ 'ನೋಡೋಣ' ಎಂಬ ಮಾತಿನಲ್ಲಿ ವಂಚನೆ ಇರಲೇಬೇಕೆಂದಿಲ್ಲ. ಕಾಣದ ಮಾಲಿಗೆ ಬೆಲೆ ಕಟ್ಟಲು ಯಾವ ವರ್ತಕನಿಗೂ ಆಗದು. ಗಾತ್ರ, ಬಣ್ಣ, ತೇವ, ಕೊಳೆತ ಇವೆಲ್ಲ ಚೀಲ ಬಿಚ್ಚಿದಾಗಲೇ ತಿಳಿಯುವಂಥವು. ಅಲ್ಲದೆ ಮರುದಿನದ ಆವಕ ಎಷ್ಟೆಂಬುದು ಆತನಿಗೂ ಪೂರ್ತಿಯಾಗಿ ಗೊತ್ತಿರುವುದಿಲ್ಲ. ಮಾಲು ಕಳಿಸುತ್ತೇನೆಂದು ಹೇಳಿದ ರೈತನು ಹಾದಿಯಲ್ಲಿ ಬೇರೆ ಮಂಡಿಗೆ ತಿರುಗಿಸಿದರೆ, ಖರೀದಿದಾರರಿಗೆ ಮಾತು ಕೊಟ್ಟ ವರ್ತಕನಿಗೂ ನಷ್ಟವಾಗುತ್ತದೆ. ಕರೆಯು ವೇಗದ ಮಾರ್ಗ, ಚೌಕಾಸಿಗೆ ಎಡೆಯಿರುವ ಮಾರ್ಗ, ಹಳೆಯ ಪರಿಚಯವನ್ನು ಉಳಿಸಿಕೊಳ್ಳುವ ಮಾರ್ಗ. ಆದುದರಿಂದಲೇ ವರ್ತಕರು ಅದನ್ನು ಮೆಚ್ಚುತ್ತಾರೆ.

ಆದರೆ ರೈತನು ಒಂದನ್ನು ಮರೆಯಬಾರದು. ಮೇಲಿನ ಸಂಭಾಷಣೆಯಲ್ಲಿ ಧಾರಣೆಯ ಅಂಕಿ ಒಂದೂ ಇಲ್ಲ. "ಒಳ್ಳೇ ರೇಟು" ಎಂಬುದು ಬೆಲೆಯಲ್ಲ. ಕರೆ ಮುಗಿದ ಮೇಲೆ ಆಡಿದ ಮಾತಿನ ಗುರುತೂ ಇಲ್ಲ. ಮರುದಿನ ಧಾರಣೆ ಕುಸಿದರೆ, ರೈತನು "ನಿನ್ನೆ ಹೀಗೆಂದಿರಿ" ಎಂದಾಗ "ನಾನೆಲ್ಲಿ ಹಾಗೆಂದೆ?" ಎಂಬ ಉತ್ತರಕ್ಕೆ ಆಸ್ಪದವಿದೆ. ಇಬ್ಬರೂ ಪ್ರಾಮಾಣಿಕರಾಗಿದ್ದರೂ ಇಬ್ಬರ ನೆನಪೂ ಒಂದೇ ಆಗಿರಬೇಕೆಂದಿಲ್ಲ. ಮಾತಿನ ಮೇಲೆ ನಡೆದ ವ್ಯವಹಾರದಲ್ಲಿ ಜಗಳ ಬಂದಾಗ ಸೋಲುವವನು ಸಾಮಾನ್ಯವಾಗಿ ಮಾಲನ್ನು ಈಗಾಗಲೇ ಇಳಿಸಿಬಿಟ್ಟವನು.

ಹಾಗಾಗಿ ಎರಡನೆಯ ತತ್ತ್ವ: ಚೌಕಾಸಿಗೆ ಮಾತು ಒಳ್ಳೆಯದು, ಒಪ್ಪಂದಕ್ಕೆ ಬರಹ ಬೇಕು.

5. ಧಾರಣೆ ತಿಳಿದರೆ ಸಾಕೇ?

ಧಾರಣೆಯ ಮಾಹಿತಿ ಕೈಗೆ ಬಂದರೆ ರೈತನಿಗೆ ತಾನಾಗಿ ಹೆಚ್ಚು ಬೆಲೆ ಸಿಗುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಈ ವಿಷಯದಲ್ಲಿ ನಡೆದ ಎರಡು ಪ್ರಸಿದ್ಧ ಅಧ್ಯಯನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

ಮೊದಲನೆಯದು ನಮ್ಮ ನೆರೆಯ ಕಾಸರಗೋಡು, ಕಣ್ಣೂರು ಮತ್ತು ಕೋಯಿಕ್ಕೋಡು ಜಿಲ್ಲೆಗಳ ಕಡಲ ತೀರದ್ದು. 1997ರಿಂದ 2001ರ ಅವಧಿಯಲ್ಲಿ ಅಲ್ಲಿಗೆ ಹಂತ ಹಂತವಾಗಿ ಮೊಬೈಲ್ ಸೇವೆ ಬಂದಿತು. ಬೂತಾಯಿ ಮೀನು ಹಿಡಿಯುವ ದೋಣಿಗಳವರು ದಡ ಸೇರುವ ಮೊದಲೇ ಫೋನು ಮಾಡಿ, ಯಾವ ತೀರದಲ್ಲಿ ಕೊಳ್ಳುವವರಿದ್ದಾರೆಂದು ತಿಳಿದು ದೋಣಿಯನ್ನು ಅತ್ತ ತಿರುಗಿಸತೊಡಗಿದರು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತೀರದಿಂದ ತೀರಕ್ಕೆ ಇದ್ದ ಬೆಲೆಯ ಅಂತರ ಬಹಳಷ್ಟು ತಗ್ಗಿತು. ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ಹೆಚ್ಚುಕಡಿಮೆ ನಿಂತಿತು. ಮೀನುಗಾರರ ಲಾಭ ಸುಮಾರು ಶೇ 8ರಷ್ಟು ಹೆಚ್ಚಿತು. ಗ್ರಾಹಕರಿಗೂ ಬೆಲೆ ಸುಮಾರು ಶೇ 4ರಷ್ಟು ಇಳಿಯಿತು.

ಎರಡನೆಯದು ಮಹಾರಾಷ್ಟ್ರದ್ದು. ಅಲ್ಲಿ ಮಾರುಕಟ್ಟೆ ಧಾರಣೆ ಹಾಗೂ ಹವಾಮಾನವನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ ಸೇವೆಯನ್ನು ನೂರು ಗ್ರಾಮಗಳಲ್ಲಿ ಪರೀಕ್ಷಿಸಲಾಯಿತು. ಮಾರ್ಸೆಲ್ ಫಾಶಾಂ ಮತ್ತು ಬಾರ್ಟ್ ಮಿಂಟನ್ ಅವರು 2012ರಲ್ಲಿ ಪ್ರಕಟಿಸಿದ ಫಲಿತಾಂಶವೆಂದರೆ, ಸರಾಸರಿಯಲ್ಲಿ ರೈತರು ಪಡೆದ ಬೆಲೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಕರಾವಳಿಯಲ್ಲಿ ಫಲಿಸಿದ್ದು ಮಹಾರಾಷ್ಟ್ರದ ಹಳ್ಳಿಗಳಲ್ಲಿ ಏಕೆ ಫಲಿಸಲಿಲ್ಲ? ಇದಕ್ಕೆ ಒಂದೇ ಕಾರಣವನ್ನು ಹೇಳಲಾಗದು. ಆದರೆ ನಮ್ಮ ಅನುಭವಕ್ಕೆ ಹೊಂದುವ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ದೋಣಿಯಲ್ಲಿದ್ದವನಿಗೆ ಸುದ್ದಿ ಬಂದಾಗ ಚುಕ್ಕಾಣಿ ಅವನ ಕೈಯಲ್ಲಿತ್ತು. ಸುದ್ದಿಗೆ ತಕ್ಕಂತೆ ದಾರಿ ಬದಲಿಸುವ ಸ್ವಾತಂತ್ರ್ಯ ಅವನಿಗಿತ್ತು. ಬೀಜಕ್ಕೆ, ಗೊಬ್ಬರಕ್ಕೆ, ಮನೆಯ ಮದುವೆಗೆ ಎಂದು ಮಂಡಿಯಿಂದ ಮುಂಗಡ ಪಡೆದ ರೈತನ ಫೋನಿಗೆ ಹತ್ತು ಮಾರುಕಟ್ಟೆಗಳ ಧಾರಣೆ ಬಂದರೂ ಅವನ ಲಾರಿ ಹೋಗಬೇಕಾದುದು ಒಂದೇ ಅಂಗಡಿಗೆ. ಅಂಥವನಿಗೆ ಬೆಲೆಯ ಸುದ್ದಿಯಿಂದ ಹೆಚ್ಚಾಗುವುದು ಸಂಕಟ ಮಾತ್ರ.

ಇದರಿಂದ ಮೂರನೆಯ ತತ್ತ್ವ: ಸುದ್ದಿಯ ಬೆಲೆಯು ಅದನ್ನು ಕೇಳಿದ ಮೇಲೆ ನಾವು ಏನನ್ನು ಬದಲಿಸಬಲ್ಲೆವು ಎಂಬುದರಷ್ಟೇ. ಕೊಯ್ಲಿಗೆ ಮೊದಲು ಬಂದ ಸುದ್ದಿಗೆ ಹೆಚ್ಚು ಬೆಲೆ, ಲೋಡ್ ಮಾಡುವ ಮೊದಲು ಬಂದುದಕ್ಕೆ ಸ್ವಲ್ಪ ಬೆಲೆ, ಇಳಿಸಿದ ಮೇಲೆ ಬಂದುದಕ್ಕೆ ಬೆಲೆಯಿಲ್ಲ. ಸಾಲದ ವಿಷಯದಲ್ಲಿಯೂ ಹೀಗೆಯೇ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಿಂದ ಸಾಲ ಪಡೆಯುವ ದಾರಿಯನ್ನು ರೈತನಿಗೆ ತೋರಿಸುವುದು ಧಾರಣೆಯ ಸಂದೇಶ ಕಳಿಸುವುದಕ್ಕಿಂತ ದೊಡ್ಡ ಮಾರುಕಟ್ಟೆ ಸೇವೆಯಾಗಬಲ್ಲದು.

6. ಗುಲಾಬಿ ಈರುಳ್ಳಿಯ ಪಾಠ

ನಮ್ಮ ಸುತ್ತಲಿನ ಜಿಲ್ಲೆಗಳಾದ ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ 'ಬೆಂಗಳೂರು ಗುಲಾಬಿ ಈರುಳ್ಳಿ'ಗೆ 2015ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಈ ಈರುಳ್ಳಿಯನ್ನು ನಮ್ಮ ಮನೆಗಳಲ್ಲಿ ಬಳಸುವುದು ಕಡಿಮೆ. ಮಲೇಷ್ಯಾ, ಸಿಂಗಪುರ ಮುಂತಾದ ದೇಶಗಳಿಗೆ ರಫ್ತಾಗುವ ಬೆಳೆ ಇದು. ಅಂದರೆ ಬೆಳೆಯುವುದು ಇಲ್ಲಿ, ಬೆಲೆ ನಿಶ್ಚಯವಾಗುವುದು ಕಡಲಾಚೆ.

2023ರ ಆಗಸ್ಟ್ 19ರಂದು ಕೇಂದ್ರ ಸರ್ಕಾರವು ದೇಶದೊಳಗೆ ಈರುಳ್ಳಿ ಬೆಲೆಯ ಏರಿಕೆಯನ್ನು ತಡೆಯುವ ಸಲುವಾಗಿ ರಫ್ತಿನ ಮೇಲೆ ಶೇ 40ರ ಸುಂಕವನ್ನು ವಿಧಿಸಿತು. ದೇಶದೊಳಗೆ ಅಷ್ಟಾಗಿ ಮಾರಾಟವೇ ಇಲ್ಲದ ಗುಲಾಬಿ ಈರುಳ್ಳಿಗೂ ಅದೇ ಸುಂಕ ಅನ್ವಯವಾಯಿತು. ಸೆಪ್ಟೆಂಬರ್ 29ರಂದು, ಅಂದರೆ 41 ದಿನಗಳ ತರುವಾಯ, ಈ ತಳಿಗೆ ಸುಂಕದಿಂದ ವಿನಾಯಿತಿ ದೊರೆಯಿತು. ರಫ್ತಾಗುವ ಮಾಲು ಗುಲಾಬಿ ಈರುಳ್ಳಿಯೇ ಎಂಬುದಕ್ಕೆ ಮತ್ತು ಅದರ ಪ್ರಮಾಣಕ್ಕೆ ಕರ್ನಾಟಕ ಸರ್ಕಾರದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರವಿರಬೇಕೆಂಬ ಷರತ್ತೂ ಜೊತೆಗಿತ್ತು.

ಸಂವಹನದ ದೃಷ್ಟಿಯಿಂದ ಇದನ್ನು ಪರಿಶೀಲಿಸೋಣ. ಸುಂಕದ ಅಧಿಸೂಚನೆಯು ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ರಫ್ತುದಾರರಿಗೂ ಅವರ ಏಜೆಂಟರಿಗೂ ಅದನ್ನು ಓದುವುದು ನಿತ್ಯದ ಕೆಲಸ. ಬೆಳೆಗಾರನಿಗೆ ಹಾಗಲ್ಲ. ಸುಂಕ ಬಿದ್ದಾಗ ಅದರ ಮೊದಲ ಸೂಚನೆ ಅವನಿಗೆ ತಲುಪುವುದು ಕೊಳ್ಳುವವನು ಬೆಲೆ ಇಳಿಸಿದಾಗ; ವಿನಾಯಿತಿ ಬಂದಾಗ ಅದು ತಲುಪದೆಯೂ ಇರಬಹುದು, ಏಕೆಂದರೆ ಬೆಲೆ ಏರಿಸುವ ಸುದ್ದಿಯನ್ನು ಬೆಳೆಗಾರನಿಗೆ ಬೇಗ ತಿಳಿಸುವುದರಿಂದ ಕೊಳ್ಳುವವನಿಗೆ ಲಾಭವಿಲ್ಲ. ಕೆಟ್ಟ ಸುದ್ದಿ ಮಂಡಿಯ ಮೂಲಕ ಓಡಿಬರುತ್ತದೆ. ಒಳ್ಳೆಯ ಸುದ್ದಿಯನ್ನು ನಾವೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ಇಂತಹ ವಿಷಯಗಳಲ್ಲಿ ಕೊಳ್ಳುವವರನ್ನೇ ಏಕೈಕ ಸುದ್ದಿಮೂಲವಾಗಿ ಇಟ್ಟುಕೊಳ್ಳಬಾರದು. ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿ, ರೈತ ಸಂಪರ್ಕ ಕೇಂದ್ರ, ಬೆಳೆಗಾರರ ಸಂಘ, ದಿನಪತ್ರಿಕೆ ಇವುಗಳಲ್ಲಿ ಕನಿಷ್ಠ ಒಂದನ್ನಾದರೂ ಸ್ವತಂತ್ರ ಮೂಲವಾಗಿ ಉಳಿಸಿಕೊಳ್ಳಬೇಕು.

ಒಟ್ಟಾಗಿ ನಿಂತರೆ ಸುದ್ದಿಗೂ ಶಕ್ತಿ ಬರುತ್ತದೆ ಎಂಬುದಕ್ಕೆ ನಮ್ಮಲ್ಲಿ ಹಳೆಯ ನಿದರ್ಶನವಿದೆ. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಪ್ರೇರಣೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ಬೆಳೆಗಾರನಿಗೂ ಗ್ರಾಹಕನಿಗೂ ನಡುವಣ ಕೈಗಳು ಕಡಿಮೆಯಾದಷ್ಟೂ ಮಾತು ಕೆಡುವುದು ಕಡಿಮೆ.

7. ಯಾವ ಕೆಲಸಕ್ಕೆ ಯಾವ ಮಾರ್ಗ

ಯಾವುದೇ ವ್ಯವಹಾರದ ಮುನ್ನ ರೈತನು ತನ್ನಲ್ಲಿಯೇ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ಎಷ್ಟು ತುರ್ತು? ಇದಕ್ಕೆ ಮುಂದೆ ಸಾಕ್ಷ್ಯ ಬೇಕಾಗುವುದೇ? ಇದು ಯಾರಿಗೆಲ್ಲ ತಿಳಿಯಬೇಕು? ಇದನ್ನು ಹೇಳುವವನಿಗೆ ಇದರಲ್ಲಿ ಲಾಭವಿದೆಯೇ? ಈ ಪ್ರಶ್ನೆಗಳನ್ನು ಅನ್ವಯಿಸಿದರೆ ಮಾರ್ಗಗಳು ಹೀಗೆ ವಿಂಗಡವಾಗುತ್ತವೆ.

(ಅ) ಧಾರಣೆಯ ಅಂದಾಜಿಗೆ: 'ಕೃಷಿ ಮಾರಾಟ ವಾಹಿನಿ'ಯಂತಹ ಅಧಿಕೃತ ಮೂಲ. ಅಲ್ಲಿ ಕನಿಷ್ಠ, ಗರಿಷ್ಠ ಮತ್ತು ಮಾದರಿ ಎಂಬ ಮೂರು ಧಾರಣೆಗಳಿರುತ್ತವೆ. ಗರಿಷ್ಠವು ಆಯ್ದ ಕೆಲವು ಚೀಲಗಳಿಗೆ ದೊರೆತದ್ದಿರಬಹುದು. ಹೆಚ್ಚಿನ ಮಾಲು ಯಾವ ದರದಲ್ಲಿ ಮಾರಾಟವಾಯಿತು ಎಂಬುದನ್ನು ಸೂಚಿಸುವುದು ಮಾದರಿ ಧಾರಣೆ. ಲೆಕ್ಕ ಹಾಕಬೇಕಾದುದು ಇದರ ಮೇಲೆ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ರೈತನೊಬ್ಬನ ಬಳಿ 50 ಕ್ವಿಂಟಾಲ್ ಈರುಳ್ಳಿ ಇದೆ. ಹತ್ತಿರದ ಮಾರುಕಟ್ಟೆಯಲ್ಲಿ ಮಾದರಿ ಧಾರಣೆ 1,800 ರೂಪಾಯಿ. ದೂರದ ಮಾರುಕಟ್ಟೆಯಲ್ಲಿ 2,400 ರೂಪಾಯಿ ನಡೆದಿದೆಯೆಂದು ವಾಟ್ಸ್‌ಆ್ಯಪ್ ಸಂದೇಶ ಬಂದಿದೆ. ಕ್ವಿಂಟಾಲಿಗೆ 600 ರೂಪಾಯಿಯಂತೆ 30,000 ರೂಪಾಯಿ ಹೆಚ್ಚು ಬರುವುದೆಂದು ಅವನು ಎಣಿಸುತ್ತಾನೆ. ಆದರೆ 2,400 ಎಂಬುದು ಗರಿಷ್ಠ. ಅಲ್ಲಿನ ಮಾದರಿ ಧಾರಣೆ 1,900. ಹಾಗಾದರೆ ನಿಜವಾದ ಹೆಚ್ಚಳ ಕ್ವಿಂಟಾಲಿಗೆ 100ರಂತೆ 5,000 ರೂಪಾಯಿ. ಹೆಚ್ಚಿನ ಲಾರಿ ಬಾಡಿಗೆ 6,000 ರೂಪಾಯಿಯಾದರೆ ಕೊನೆಗೆ ಉಳಿಯುವುದು 1,000 ರೂಪಾಯಿ ನಷ್ಟ. ಸಂದೇಶ ಸುಳ್ಳಾಗಿರಲಿಲ್ಲ, ಅರ್ಧ ಸತ್ಯವಾಗಿತ್ತು.

(ಆ) ಚೌಕಾಸಿಗೆ: ದೂರವಾಣಿ ಕರೆ. ಕನಿಷ್ಠ ಎರಡು ಮಂಡಿಗಳಿಗೆ ಕರೆ ಮಾಡಬೇಕು. "ರೇಟು ಹೇಗಿದೆ" ಎಂದು ಕೇಳದೆ, "ಇಂದು ಈ ಗಾತ್ರದ್ದು ಎಷ್ಟರಿಂದ ಎಷ್ಟರವರೆಗೆ ಹೋಯಿತು, ಎಷ್ಟು ಚೀಲ ಬಂದಿತ್ತು" ಎಂದು ಕೇಳಬೇಕು. ತಮ್ಮ ಬೆಳೆಯ ವ್ಯಾಪಾರವು ಯಶವಂತಪುರದಲ್ಲಿ ನಡೆಯುತ್ತಿದೆಯೋ ದಾಸನಪುರದ ಉಪಮಾರುಕಟ್ಟೆಯಲ್ಲಿಯೋ ಎಂಬುದನ್ನೂ ಅದೇ ಕರೆಯಲ್ಲಿ ಖಚಿತಪಡಿಸಿಕೊಳ್ಳಬೇಕು.

(ಇ) ಒಪ್ಪಂದಕ್ಕೆ: ಲಿಖಿತ ಸಂದೇಶ. ಕರೆ ಮುಗಿದ ಐದು ನಿಮಿಷದೊಳಗೆ ಮಂಡಿಗೆ ಹೀಗೊಂದು ಸಂದೇಶ ಕಳಿಸಬಹುದು: "ನಾಳೆ ಬೆಳಿಗ್ಗೆ 100 ಚೀಲ ಈರುಳ್ಳಿ, ಮಧ್ಯಮ ಗಾತ್ರ, ತಮ್ಮಲ್ಲಿಗೆ ಬರುತ್ತದೆ. ಇಂದು ಈ ಗಾತ್ರಕ್ಕೆ ಕ್ವಿಂಟಾಲಿಗೆ ಇಷ್ಟು ನಡೆದಿದೆಯೆಂದು ತಿಳಿಸಿದ್ದೀರಿ. ಬಾಡಿಗೆ ಮತ್ತು ಹಮಾಲಿ ಹೊರತು ಬೇರೆ ಕಡಿತವಿಲ್ಲವೆಂದು ಮಾತಾಗಿದೆ." ಜೊತೆಗೆ ಬಿಚ್ಚಿದ ಎರಡು ಚೀಲಗಳ ಚಿತ್ರ. ಇದು ಅಪನಂಬಿಕೆಯ ಗುರುತಲ್ಲ; ವರ್ತಕನಿಗೂ ಮಾಲು ಬರುವ ಭರವಸೆ ಇದರಿಂದ ಸಿಗುತ್ತದೆ.

(ಈ) ಹಣದ ಲೆಕ್ಕಕ್ಕೆ: ಮುದ್ರಿತ ಲೆಕ್ಕಪಟ್ಟಿ. ಬಿಳಿ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಟ್ಟ ಲೆಕ್ಕವು ದಾಖಲೆಯಾಗದು. ಮಂಡಿಯ ಹೆಸರು, ದಿನಾಂಕ, ತೂಕ, ದರ, ಕಡಿತಗಳ ವಿವರ ಇರುವ ಪಟ್ಟಿಯನ್ನು ಕೇಳಿ ಪಡೆಯಬೇಕು. ನಿಯಂತ್ರಿತ ಮಾರುಕಟ್ಟೆಯಲ್ಲಿ ಕಮಿಷನ್ ಎಂಬುದು ಕೊಳ್ಳುವವರು ತೆರಬೇಕಾದದ್ದು. ಬೆಳೆಗಾರನ ಹಣದಿಂದ ಅದನ್ನು ಮುರಿದುಕೊಳ್ಳುವಂತಿಲ್ಲ. ಪಟ್ಟಿ ಕೈಯಲ್ಲಿದ್ದರೆ ಮಾತ್ರ ಈ ವಿಷಯದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗೆ ದೂರು ನೀಡಲು ಆಧಾರವಿರುತ್ತದೆ.

(ಉ) ರೋಗ, ಕೀಟ, ತಳಿಯ ವಿಷಯಕ್ಕೆ: ಅಂಗಡಿಯವರ ಸಲಹೆಗೆ ಮುನ್ನ ರೈತ ಸಂಪರ್ಕ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್. ಇದರ ಶುಲ್ಕರಹಿತ ಸಂಖ್ಯೆ 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲಿಯೇ ಮಾತನಾಡಬಹುದು.

(ಊ) ಗುಂಪಿನಲ್ಲಿ ಬಂದ ಸುದ್ದಿಗೆ: ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಅನೇಕ ಬಾರಿ ಕೈಯಿಂದ ಕೈಗೆ ಸಾಗಿ ಬಂದದ್ದೆಂದು ಅರ್ಥ. ದಿನಾಂಕ ಮತ್ತು ಮಾರುಕಟ್ಟೆಯ ಹೆಸರು ಇಲ್ಲದ ಧಾರಣೆಯನ್ನು ಮುಂದಕ್ಕೆ ಕಳಿಸಬಾರದು.

8. ಫೋನು ಯಾರ ಕೈಯಲ್ಲಿದೆ?

ಮನೆಯಲ್ಲಿ ಫೋನು ಇದೆ ಎಂದರೆ ಮನೆಯವರೆಲ್ಲರಿಗೂ ಸುದ್ದಿ ತಲುಪಿತೆಂದು ಅರ್ಥವಲ್ಲ. ಹೂವು ಬಿಡಿಸುವುದು, ಸೊಪ್ಪು ಕಟ್ಟುವುದು, ಈರುಳ್ಳಿ ಆರಿಸುವುದು, ಹಸುಗಳನ್ನು ನೋಡಿಕೊಳ್ಳುವುದು ಇವೆಲ್ಲ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೆಲಸ. ಮಂಡಿಯವರ ಕರೆ ಬರುವುದು ಮಾತ್ರ ಗಂಡಸರ ಫೋನಿಗೆ. ಗಂಡನನ್ನು ಕಳೆದುಕೊಂಡು ತಾವೇ ಬೇಸಾಯ ನಡೆಸುವ ತಾಯಂದಿರಿಗೆ, ಅಕ್ಷರ ಬಾರದ ಹಿರಿಯರಿಗೆ, ಕಣ್ಣು ಮಂಜಾದವರಿಗೆ ಪರದೆಯ ಮೇಲಿನ ಸಣ್ಣ ಅಕ್ಷರವು ಮಾರ್ಗವೇ ಅಲ್ಲ.

ಇಂಥವರಿಗೆ ಸ್ತ್ರೀಶಕ್ತಿ ಹಾಗೂ ಸಂಜೀವಿನಿ ಸಂಘಗಳ ವಾರದ ಸಭೆ, ಡೇರಿಯ ಸಾಲು, ರೇಡಿಯೋ ಇವೇ ನಂಬಿಕೆಯ ಮಾರ್ಗಗಳು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ್ದೇವೆ ಎಂದ ಮಾತ್ರಕ್ಕೆ ಪ್ರಚಾರ ಮುಗಿಯಿತೆಂದು ಯಾವ ಕಚೇರಿಯೂ ಭಾವಿಸಬಾರದು. ಧ್ವನಿ ಸಂದೇಶವಾಗಿ ಕಳಿಸಿದ ಸೂಚನೆಯು ಅಕ್ಷರ ಬಾರದವರಿಗೂ ತಲುಪುತ್ತದೆ ಎಂಬುದನ್ನು ನೆನಪಿಡಬೇಕು.

9. ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು

ಹೆಚ್ಚಿನ ವೆಚ್ಚವಿಲ್ಲದೆ ಈ ಕೆಳಗಿನವುಗಳನ್ನು ಆರಂಭಿಸಬಹುದು.

1. ಹಾಲು ಉತ್ಪಾದಕರ ಸಂಘದ ಗೋಡೆಯ ಮೇಲೆ ಕರಿಹಲಗೆ ಇರಿಸಿ, ಸಂಜೆಯ ಹಾಲಿನ ಹೊತ್ತಿಗೆ ಊರಿನ ಮುಖ್ಯ ಮೂರು ಬೆಳೆಗಳ ಆ ದಿನದ ಮಾದರಿ ಧಾರಣೆಯನ್ನು ಬರೆಯುವುದು. ಮರುದಿನಕ್ಕೆ ಲಾರಿ ಗೊತ್ತುಮಾಡುವ ಮುನ್ನ ಸುದ್ದಿ ಸಿಗುವುದು ಇದರ ಪ್ರಯೋಜನ.

2. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು 'ಮಾರಾಟ ವಹಿ' ಇಡುವುದು. ಮಾಲು ಮಾರಿ ಬಂದವರು ಬೆಳೆ, ಮಾರುಕಟ್ಟೆ, ತೂಕ, ದರ, ಕಡಿತ ಇವನ್ನು ಸ್ವಇಚ್ಛೆಯಿಂದ ದಾಖಲಿಸಲಿ. ಹೆಸರು ಬರೆಯುವ ಅಗತ್ಯವಿಲ್ಲ. ಒಂದು ಹಂಗಾಮು ಕಳೆದ ಮೇಲೆ ಈ ವಹಿಯು ಊರಿನ ಸ್ವಂತ ಮಾರುಕಟ್ಟೆ ಅಧ್ಯಯನವಾಗುತ್ತದೆ.

3. ಲೆಕ್ಕಪಟ್ಟಿ ಓದುವುದು ಹೇಗೆ ಎಂಬುದನ್ನು ಸ್ವಸಹಾಯ ಸಂಘಗಳ ಒಂದು ಸಭೆಯಲ್ಲಿ ಹೇಳಿಕೊಡುವುದು.

4. ರಫ್ತು, ಸುಂಕ, ಬೆಂಬಲ ಬೆಲೆಯಲ್ಲಿ ರಾಗಿ ಖರೀದಿಯ ನೋಂದಣಿ ಮುಂತಾದ ಆದೇಶಗಳು ಹೊರಟಾಗ, ಅವುಗಳ ಸಾರಾಂಶವನ್ನು ನಾಲ್ಕು ಸಾಲುಗಳ ಸರಳ ಕನ್ನಡದಲ್ಲಿ ಬರೆದು ಫಲಕಕ್ಕೆ ಹಾಕುವುದು. ಕಡೆಯ ದಿನಾಂಕವನ್ನು ದೊಡ್ಡದಾಗಿ ಬರೆಯುವುದು.

ಉಪಸಂಹಾರ

ಟವೆಲ್ಲಿನ ಕೆಳಗೆ ಬೆರಳು ಹಿಡಿದ ಕಾಲದಿಂದ ಇಂದಿನ ಮೊಬೈಲಿನವರೆಗೆ ಸಾಧನಗಳು ಬದಲಾಗಿವೆ, ಪ್ರಶ್ನೆ ಬದಲಾಗಿಲ್ಲ. ಬೆಲೆ ಯಾರಿಗೆ ಗೊತ್ತು, ಯಾವಾಗ ಗೊತ್ತು, ಅದಕ್ಕೆ ಸಾಕ್ಷಿ ಏನು? ಇಬ್ಬರ ನಡುವಿನ ಫೋನು ಕರೆಯು ಹಲವು ಸಲ ಅದೇ ಟವೆಲ್ಲಿನ ಹೊಸ ರೂಪವಾಗಿದೆ. ಆ ಕರೆಯನ್ನು ಬಿಡಬೇಕಾಗಿಲ್ಲ. ಅದರ ಮೊದಲು ಅಧಿಕೃತ ಧಾರಣೆಯನ್ನು ನೋಡುವುದು, ಅದರ ಅನಂತರ ಎರಡು ಸಾಲು ಬರೆದು ಕಳಿಸುವುದು, ಊರಿಗೆ ಮರಳಿದ ಮೇಲೆ ನೆರೆಯವರಿಗೆ ನಿಜವಾದ ಲೆಕ್ಕವನ್ನು ಹೇಳುವುದು, ಈ ಮೂರನ್ನು ರೂಢಿಸಿಕೊಂಡರೆ ಸಾಕು. ಕಡೆಯದು ಎಲ್ಲಕ್ಕಿಂತ ಮುಖ್ಯ. ಕಡಿಮೆ ಬೆಲೆಗೆ ಮಾರಿ ಬಂದವನು ಸಂಕೋಚದಿಂದ ಸುಮ್ಮನಿದ್ದರೆ, ನಾಳೆ ಅದೇ ದಾರಿಯಲ್ಲಿ ಇನ್ನೊಂದು ಲಾರಿ ಹೊರಡುತ್ತದೆ.

ಗ್ರಾಮ ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ಕಳೆದ ಹಂಗಾಮಿನಲ್ಲಿ ನಿಮ್ಮ ಬೆಳೆಯ ಧಾರಣೆಯನ್ನು ಮೊದಲು ಯಾರಿಂದ ತಿಳಿದಿರಿ? ಮಾಲು ಕಳಿಸುವ ತೀರ್ಮಾನವನ್ನು ಯಾರ ಮಾತಿನ ಮೇಲೆ ಮಾಡಿದಿರಿ?

2. ಮಂಡಿಯಿಂದ ತಂದ ಒಂದು ಲೆಕ್ಕಪಟ್ಟಿಯನ್ನು ಸಭೆಯಲ್ಲಿ ಓದಿ. ಯಾವ ಯಾವ ಕಡಿತಗಳಿವೆ? ಅವುಗಳಲ್ಲಿ ಯಾವುವು ನಿಯಮಬದ್ಧ?

3. ನಿಮ್ಮ ಊರಿನಲ್ಲಿ ಯಾರ ಕೈಯಲ್ಲಿ ಫೋನಿಲ್ಲ? ಅವರಿಗೆ ಸುದ್ದಿ ತಲುಪಿಸುವ ಹೊಣೆಯನ್ನು ಯಾರು ಹೊರುವಿರಿ?

4. ಮುಂಗಡದ ಕಾರಣದಿಂದ ಒಂದೇ ಮಂಡಿಗೆ ಮಾಲು ಕಳಿಸಬೇಕಾದ ಕುಟುಂಬಗಳಿಗೆ ಸಹಕಾರ ಸಂಘದ ಸಾಲ ದೊರಕಿಸಲು ಏನು ಮಾಡಬಹುದು?